ಮಂಗಳವಾರದ ರೀಲು

ಭಾನುವಾರದ ಆಟದ ರೀಲು ಹಿಂದಕ್ಕೆ ಓಡುತ್ತಿತ್ತು, ಕೆಸರಿನಲ್ಲಿ ಬಿದ್ದವರೆಲ್ಲ ಹಿಮ್ಮುಖವಾಗಿ ಎದ್ದು ನಿಲ್ಲುತ್ತಿದ್ದರು, ರಸ್ ಕೂಡ ಎದ್ದ, ಮುರಿದ ಕಾಲು ನೆಟ್ಟಗಾಯಿತು — ಅಲ್ಲಿಗೇ ನಿಲ್ಲಿಸಬಾರದೇ ಅನ್ನಿಸಿತು ಸ್ಟ್ಯಾನ್ ವ್ರೂಬೆಲ್‌ಗೆ, ಆದರೆ ಕೋಚ್ ಹಾಲ್ವರ್ಸನ್ ಗುಂಡಿ ಒತ್ತಿದ, ಕಾಲು ಮತ್ತೆ ಮುರಿಯಿತು. ಕಿಟಕಿಗಳಿಗೆ ಕಂಬಳಿ ಹೊದಿಸಿದ ಕೋಣೆ, ಸಿಗರೇಟಿನ ಹೊಗೆ, ಮೂವತ್ತೆರಡು ಅಮೆರಿಕನ್ ಫುಟ್‌ಬಾಲ್ ಆಟಗಾರರು, ಮೂವತ್ತಮೂರನೆಯವನು ರಸ್, ಆಸ್ಪತ್ರೆಯಲ್ಲಿ. ಚೆಂಡೆಸೆಯುವ ರಸ್‌ನ ಮುಂದೆ ಎದುರಾಳಿಗಳಿಗೆ ಗೋಡೆಯಾಗಿ ನಿಲ್ಲುವುದು ಸ್ಟ್ಯಾನ್‌ನ ಕೆಲಸ, ಒಂಬತ್ತು ವರ್ಷಗಳಿಂದ ಅದೊಂದೇ ಕೆಲಸ. ಎಡಕ್ಕೆ ಹೋಗೋದು ಬಿಟ್ಟು ಬಲಕ್ಕೆ ಯಾಕಪ್ಪಾ ಓಡ್ತಿದ್ದೀಯ ವ್ರೂಬೆಲ್, ಹೆಂಡ್ತಿ ಕರೆದ್ಲಾ, ಎಂದ ಕೋಚ್, ಹಿಂದಿನ ಸಾಲು ನಕ್ಕಿತು, ಸ್ಟ್ಯಾನನೂ ನಕ್ಕ, ಬೆನ್ನ ಮೇಲೆ ತನ್ನ ಅರವತ್ತನಾಲ್ಕನೆಯ ನಂಬರು ಹೊತ್ತು ತೆರೆಯಲ್ಲಿ ಓಡುತ್ತಿರುವ ಆ ಮನುಷ್ಯ ಯಾರು, ಅವನಿಗೆ ನೆನಪಿರುವುದು ಹಣೆಗೆ ಬಡಿದ ಯಾರದೋ ಮೊಣಕಾಲು, ಆಮೇಲೆ ಸ್ನಾನದ ಬಿಸಿನೀರು, ನಡುವೆ ಏನೂ ಇಲ್ಲ, ಇದು ಈ ವರ್ಷ ಎರಡನೆಯ ಸಲ, ಹೇಳಿದರೆ ಡಾಕ್ಟರು, ಡಾಕ್ಟರು ನೋಡಿದ ಮೇಲೆ ಕೆಲಸ ಹೋಗಿ ಊರಿನ ರೈಲು, ಅಪ್ಪ ಕಪ್ಪಗೆ ಕೆಮ್ಮುತ್ತಿರುವ ಕಲ್ಲಿದ್ದಲ ಗಣಿ. ಮೊದಲ ಸಲ ರಸ್‌ಗೆ ಗೊತ್ತಾಗಿತ್ತು, ಯಾರಿಗೂ ಹೇಳ್ಬೇಡ ಕಣೋ, ನಿಂಗೆ ಕೈ ಮುಗೀತೀನಿ, ಎಂದು ಇವನೇ ಬೇಡಿಕೊಂಡಿದ್ದ, ಹೇಳಲ್ಲ ಬಿಡೋ ಮಾರಾಯ, ನೀನಿಲ್ದಿದ್ರೆ ನನ್ನ ಕಾಯೋರ್ಯಾರು, ಎಂದು ನಕ್ಕಿದ್ದ ರಸ್. ಬಾಯಿ ಬಿಡೋ, ಎಂದ ಕೋಚ್. ಕಾಲು ಜಾರ್ತು ಕೋಚ್, ಕೆಸರು, ಎಂದ ಸ್ಟ್ಯಾನ್, ಎಷ್ಟು ಸಲೀಸಾಗಿ ಬಂತು ಮಾತು. ಹೂಂ, ಕೆಸರೇನೋ ಇತ್ತು, ಎಂದ ಕೋಚ್, ಅಷ್ಟೇ, ಕೆಲಸ ಉಳಿಯಿತು, ಈಗ ಬೇರೆ ಯಾರದೋ ತಪ್ಪು ತೋರಿಸಲು ರೀಲನ್ನು ಇನ್ನಷ್ಟು ಹಿಂದಕ್ಕೆ ಎಳೆದ, ಇದುವರೆಗೂ ತೋರಿಸದಷ್ಟು ಹಿಂದಕ್ಕೆ — ಅಲ್ಲಿ ಅರವತ್ತನಾಲ್ಕನೆಯ ನಂಬರಿನವನು ಮೈದಾನದ ಅಂಚಿನಲ್ಲಿ ಒಬ್ಬನೇ ನಿಂತಿದ್ದಾನೆ, ಖಾಲಿ ಗ್ಯಾಲರಿಯ ಕಡೆ ಮುಖ ಮಾಡಿಕೊಂಡು, ರಸ್ ಓಡಿ ಬರುತ್ತಾನೆ, ಬೆಂಚಿನ ಕಡೆ ಒಮ್ಮೆ ನೋಡುತ್ತಾನೆ, ಡಾಕ್ಟರನ್ನು ಕರೆಯುವುದಿಲ್ಲ, ಮೊಣಕೈ ಹಿಡಿಯುತ್ತಾನೆ, ಕುರುಡನನ್ನು ರಸ್ತೆ ದಾಟಿಸುವ ಹಾಗೆ ಮೆಲ್ಲಗೆ ನಡೆಸಿಕೊಂಡು ಬಂದು ತನ್ನ ಮುಂದೆ ನಿಲ್ಲಿಸುತ್ತಾನೆ. ಯಾರೂ ಗಮನಿಸಲಿಲ್ಲ, ಕೋಚ್ ಇನ್ಯಾರನ್ನೋ ಬೈಯುತ್ತಿದ್ದಾನೆ, ಮುಂದಕ್ಕೆ, ಹಿಂದಕ್ಕೆ, ಮೊಣಕೈ ಮೇಲೆ ರಸ್‌ನ ಕೈ, ಬಿಡುತ್ತದೆ, ಹಿಡಿಯುತ್ತದೆ, ಮೊಣಕೈ ಮೇಲೆ ಕೈ, ಈಗ ರೀಲು ನಿಂತಿದೆ, ಕೈ.