ಕಿತ್ತಳೆ ಬಣ್ಣದ ಬಾಟಲಿ

ಹೆಂಡತಿ ಅವನ ಕೆಲಸದ ಚೀಲದೊಳಗೆ ಮುಖ ಹಾಕಿ ಮೂಸುತ್ತಿದ್ದಳು. ಬಚ್ಚಲಿನಿಂದ ಬಂದ ಕ್ರೇನ್ ಆಪರೇಟರ್ ಬಾಗಿಲಲ್ಲೇ ನಿಂತು ನೋಡಿದ. ಊಟದ ಡಬ್ಬಿ, ಕೈಗವಸು, ಬೆವರು ಒರೆಸುವ ಬಟ್ಟೆ, ಒಂದೊಂದನ್ನೂ ಮೂಗಿಗೆ ಹಿಡಿದು ಪಕ್ಕಕ್ಕಿಟ್ಟಳು. ಅವನನ್ನು ಕಂಡ ಮೇಲೂ ನಿಲ್ಲಿಸಲಿಲ್ಲ. ಅದೇ ಅವನ ಮೈ ಉರಿಸಿತು. ಕದ್ದು ನೋಡಿದ್ದರೆ ನಾಚಿಕೆಯಾದರೂ ಇದೆಯಲ್ಲ ಅಂದುಕೊಳ್ಳಬಹುದಿತ್ತು.

ಇದೆಲ್ಲ ಶುರುವಾದದ್ದು ಕಂಪನಿಯ ವರ್ಷದ ತಪಾಸಣೆಯಿಂದ. ಹೊಟ್ಟೆಯ ಸ್ಕ್ಯಾನ್ ನೋಡಿದ ಡಾಕ್ಟರು, ಲಿವರಿಗೆ ಕೊಬ್ಬು ಕಟ್ಟಿದೆ, ಊದಿಕೊಂಡಿದೆ ಎಂದರು. ದಿನಾ ಎಷ್ಟು ಹಾಕುತ್ತೀರಿ ಎಂದು ಕೇಳಿದರು. ಜನ್ಮದಲ್ಲಿ ಮುಟ್ಟಿಲ್ಲ ಎಂದ.

"ಎಲ್ರೂ ಹೇಳೋದು ಹಾಗೇನೇ" ಎಂದು ಅವರು ನಕ್ಕು ಮುಂದಿನವರನ್ನು ಕರೆದರು. ವರದಿ ಕೇಳಲು ಜೊತೆಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ನಗಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅವಳಲ್ಲ. ಆದರೆ ಈ ಒಂದು ವಿಷಯದಲ್ಲಿ ಅವಳ ಬುದ್ಧಿಗಿಂತ ಭಯವೇ ಮುಂದೆ ಓಡುತ್ತಿತ್ತು. ಅವಳ ಅಪ್ಪ ಕುಡಿದೂ ಕುಡಿದೂ ಲಿವರು ಕೆಟ್ಟು ಸತ್ತವನು. ಮದುವೆಗೆ ಮುಂಚೆ ಅವಳು ಹಾಕಿದ್ದು ಒಂದೇ ಷರತ್ತು, ಒಂದು ತೊಟ್ಟೂ ಮುಟ್ಟಕೂಡದು.

ಅವನು ಮುಟ್ಟಲಿಲ್ಲ. ಆದರೆ ಪಾಳಿ ಮುಗಿದ ಮೇಲೆ ಜೊತೆಯವರ ಸಂಗಡ ಬಾರಿಗೆ ಹೋಗಿ ಕೂರುವುದನ್ನು ಬಿಡುವಂತಿರಲಿಲ್ಲ. ಬಿಟ್ಟರೆ ದೊಡ್ಡಸ್ತಿಕೆ ಅನ್ನುತ್ತಾರೆ. ಹೋದರೆ ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ ಹಾಗೆ. ಇದಕ್ಕೆ ಉಪಾಯ ಕಂಡುಹಿಡಿದವಳು ಹೆಂಡತಿಯೇ. ಕೈಯಲ್ಲಿ ಒಂದು ಬಾಟಲಿ ಇದ್ದರೆ ಯಾರೂ ಇನ್ನೊಂದು ಹಿಡಿಸುವುದಿಲ್ಲ ಎಂದು ಕಿತ್ತಳೆ ಬಣ್ಣದ ತಂಪು ಪಾನೀಯವನ್ನು ಪೆಟ್ಟಿಗೆಗಟ್ಟಲೆ ತರಿಸಿ, ತಾನೇ ಚೀಲಕ್ಕೆ ತುಂಬಿ ಕಳಿಸುತ್ತಿದ್ದಳು. ಬಾರಿನಲ್ಲಿ ಅದೇ, ಕ್ರೇನಿನ ಎತ್ತರದ ಗಾಜಿನ ಕ್ಯಾಬಿನ್ನಿನಲ್ಲಿ ಬಿಸಿಲಿಗೆ ಬೇಯುವಾಗ ಅದೇ, ಮನೆಗೆ ಬಂದರೆ ಲೋಟದಲ್ಲೂ ಅದೇ. ಕೆಲಸದ ಯಾರ್ಡಿನಲ್ಲಿ ಅವನನ್ನು ಎಲ್ಲರೂ 'ಕಿತ್ತಳೆ' ಎಂದೇ ಕರೆಯುತ್ತಿದ್ದರು. ಅವನಿಗದು ಬಿರುದಿನ ಹಾಗೆ ಹಿತವಾಗಿತ್ತು.

ಈಗ ಆ ಬಿರುದೂ ಕೆಲಸಕ್ಕೆ ಬರಲಿಲ್ಲ. ಆಣೆ ಮಾಡಿದ. ಜೊತೆಯವರಿಗೆ ಫೋನ್ ಹಚ್ಚಿ ಅವರ ಬಾಯಿಂದಲೇ ಹೇಳಿಸಿದ. ಕುಡುಕನಿಗೆ ಕುಡುಕರ ಸಾಕ್ಷಿ ಎಂದಳು. ಕೂಗಾಡಿದರೆ ತಪ್ಪಿತಸ್ಥನ ಸಿಟ್ಟು, ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ. ದೊಡ್ಡ ಡಾಕ್ಟರ ಹತ್ತಿರ ಇನ್ನೊಮ್ಮೆ ತೋರಿಸೋಣ, ಅವರೂ ಇದನ್ನೇ ಹೇಳಿದರೆ ತಾನು ಅಕ್ಕನ ಮನೆಗೆ ಹೊರಡುವವಳೇ ಎಂದು ಅಟ್ಟದಿಂದ ಸೂಟ್‌ಕೇಸು ಇಳಿಸಿಟ್ಟಳು. ಮಾಡದ ತಪ್ಪಿಗೆ ಸಂಸಾರ ಮುರಿಯುವುದಾದರೆ ಮಾಡಿಯೇ ಮುರಿಸಿಕೊಳ್ಳಬಹುದಿತ್ತಲ್ಲ ಎಂದು ಅವನಿಗೆ ನಿಜಕ್ಕೂ ಅನ್ನಿಸಿತು.

ದೊಡ್ಡ ಡಾಕ್ಟರು ವಯಸ್ಸಾದ ಹೆಂಗಸು, ನಿಧಾನಿ. ಕುಡಿತದ ಮಾತನ್ನೇ ಎತ್ತದೆ, ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಏನೇನು ಹೋಗುತ್ತದೆ ಹೇಳಿ ಎಂದರು. ಅವನು ಹೇಳುತ್ತಾ ಹೋದ. ಕಿತ್ತಳೆ ಬಾಟಲಿ ಮತ್ತೆ ಮತ್ತೆ ಬಂದಾಗ ಅವರು ಪೆನ್ನು ಕೆಳಗಿಟ್ಟರು.

"ಅದನ್ನ ಸಿಹಿ ಮಾಡೋಕೆ ಮೆಕ್ಕೆಜೋಳದ ಸಿರಪ್ ಹಾಕಿರ್ತಾರೆ. ಅದರಲ್ಲಿರೋ ಫ್ರಕ್ಟೋಸ್ ಹೆಚ್ಚುಕಮ್ಮಿ ಪೂರ್ತಿ ಲಿವರಿನ ತಲೆ ಮೇಲೇ ಬೀಳುತ್ತೆ. ಹೀಗೆ ದಿನವಿಡೀ ಸುರೀತಾ ಇದ್ರೆ ಲಿವರು ಅದನ್ನ ಕೊಬ್ಬು ಮಾಡಿ ಗುಡ್ಡೆ ಹಾಕ್ಕೊಳ್ಳುತ್ತೆ. ಹೆಂಡ ಮುಟ್ಟದೇ ಇರೋರಿಗೂ ಹೀಗಾಗುತ್ತೆ. ಬಿಟ್ರೆ ಇಳಿಯುತ್ತೆ, ಹೆದರಬೇಡಿ."

ಬರೀ ಸಕ್ಕರೆಯಾದರೆ ಪರವಾಗಿಲ್ಲವೇ ಎಂದು ಹೆಂಡತಿ ಸಣ್ಣ ದನಿಯಲ್ಲಿ ಕೇಳಿದಳು. ಸಕ್ಕರೆಯೂ ಅದರ ಒಡಹುಟ್ಟಿದ್ದೇ ಅಮ್ಮಾ ಎಂದರು ಡಾಕ್ಟರು.

ತನಗೆ ಕಾಯಿಲೆ ಇದೆ ಅನ್ನುವುದೇ ಅವನಿಗೆ ಮರೆತುಹೋಯಿತು. ಗೆದ್ದಿದ್ದ. ಇನ್ನು ಅವಳ ಬಾಯಿಂದ ಒಂದು ಮಾತು ಬರಬೇಕಿತ್ತು, ಅಷ್ಟೆ. ಆಸ್ಪತ್ರೆಯ ಮೆಟ್ಟಿಲಲ್ಲಿ ಕಾದ. ಬಸ್ಸಿನಲ್ಲಿ ಕಾದ. ಅವಳು ಕಿಟಕಿಯ ಆಚೆ ನೋಡುತ್ತಾ ಕೂತಳು. ಮನೆಗೆ ಬಂದವಳು ಸೂಟ್‌ಕೇಸನ್ನು ದಾಟಿ ಅಡುಗೆಮನೆಗೆ ಹೋಗಿ, ಬಾಟಲಿಗಳ ಪೆಟ್ಟಿಗೆಯನ್ನು ಸಿಂಕಿನ ಹತ್ತಿರಕ್ಕೆ ಎಳೆದು, ಒಂದನ್ನು ತೆರೆದು ಸುರಿಯತೊಡಗಿದಳು. ನೊರೆ ಎದ್ದು ಅವಳ ಮುಂಗೈಗೆ ಹತ್ತಿತು.

"ಕೇಳಿಸ್ಕೊಂಡೆ ತಾನೇ? ನಾನು ಕುಡಿದಿರಲಿಲ್ಲ" ಎಂದ.

"ತಪ್ಪಾಯ್ತು ಕಣ್ರೀ. ನಾನೇ ತಂದು ತಂದು ಕೊಟ್ಟೆ."

ಕಾದಿದ್ದ ಮಾತು ಬಂದಿತ್ತು, ಆದರೆ ಬೇರೆ ಯಾವುದೋ ತಪ್ಪಿಗೆ ಬಂದಿತ್ತು. ಚೀಲ ಮೂಸಿದ್ದಕ್ಕಲ್ಲ, ಕುಡುಕ ಅಂದದ್ದಕ್ಕಲ್ಲ. ಅವನ ಸಿಟ್ಟು ನೆತ್ತಿಗೇರಿತು. ಅದಲ್ಲ ಕಣೇ, ಎಂದು ಗದರುವವನ ಹಾಗೆ ಅವಳ ಬೆನ್ನ ಹಿಂದಕ್ಕೇ ಬಂದ. ಅವಳು ತಿರುಗಿ ನೋಡದೆಯೇ ಭುಜ ಕುಗ್ಗಿಸಿ ಪಕ್ಕಕ್ಕೆ ಸರಿದಳು. ಸರಿದದ್ದು ಅವಳಿಗೇ ಗೊತ್ತಾಗಿ ಕೈ ನಿಂತಿತು.

"ಅಪ್ಪಂದೂ ಹೀಗೇ ಸುರೀತಿದ್ದೆ" ಎಂದಳು. "ಹಿಂದಿನಿಂದ ಬಂದು ಹೊಡೀತಿದ್ದ."

ನಲ್ಲಿಯಿಂದ ನೀರು ಹರಿಯುತ್ತಿತ್ತು. ಅವನಿಗೆ ಸಿಟ್ಟು ಇಳಿದಿರಲಿಲ್ಲ, ಆಡಬೇಕಾದ್ದೂ ಬಹಳ ಇತ್ತು. ಅವಳು ಇನ್ನೊಂದು ಬಾಟಲಿ ಎತ್ತಿಕೊಂಡಳು. ಒದ್ದೆ ಕೈಗೆ ಮುಚ್ಚಳ ಜಾರುತ್ತಿತ್ತು. ಅವನು ಅದನ್ನು ಇಸಿದುಕೊಂಡು, ತಿರುಗಿಸಿ ತೆರೆದು, ಅವಳ ಪಕ್ಕದಲ್ಲಿ ನಿಂತು ಸಿಂಕಿಗೆ ಬಗ್ಗಿಸಿದ.