ಬಾಯಿಯ ಚಮಚ

“ಹೆಚ್ಚಿಗೆ ಮೇಡಂ, ಇವತ್ತೇನು ಸ್ಪೆಷಲ್ಲು?” ಎನ್ನುತ್ತ ಗಣಿತದ ಮೇಷ್ಟ್ರು ಬಾಗಿಲು ತಳ್ಳಿಕೊಂಡು ಬಂದವರೇ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿದರು. ಸೌಟಿನಲ್ಲಿ ಅಷ್ಟು ಸೂಪು ತೆಗೆದು, ಉಫ್ ಉಫ್ ಎಂದು ಊದಿ, ಸೌಟಿಗೇ ಬಾಯಿ ಹಚ್ಚಿ ಸುರ್ರೆಂದು ಎಳೆದರು. ಮೀಸೆಯ ತುದಿಗೆ ಟೊಮೆಟೊದ ಕೆಂಪು ಹತ್ತಿತು. ನಾಲಿಗೆ ಹೊರಗೆ ಬಂದು ಅದನ್ನೂ ಒಳಗೆ ಎಳೆದುಕೊಂಡು ಹೋಯಿತು. ಆಮೇಲೆ ಆ ಸೌಟು ಹಾಗೇ ಮತ್ತೆ ಪಾತ್ರೆಯೊಳಗೆ ಇಳಿಯಿತು.

“ಉಪ್ಪು ಒಂಚೂರು ಮುಂದಿರಲಿ. ಬೆಲ್ ಆದ್ಮೇಲೆ ಸ್ಟಾಫ್ ರೂಮಿಗೆ ಕಳಿಸ್ಬಿಡಿ, ಆಯ್ತಾ?” ಎಂದು ಸೌಟಿನಿಂದಲೇ ಒಮ್ಮೆ ಕಲಕಿ, ಹೋಗುವಾಗ ಹೆಚ್ಚಿಟ್ಟಿದ್ದ ಕ್ಯಾರೆಟ್ಟಿನಲ್ಲಿ ಒಂದು ಹಿಡಿ ಎತ್ತಿಕೊಂಡರು.

ಆರನೇ ಮತ್ತು ಏಳನೇ ತರಗತಿಯ ಮಕ್ಕಳು ಏಪ್ರನ್ ಕಟ್ಟಿಕೊಂಡು ಮೇಜಿನ ಸುತ್ತ ನಿಂತಿದ್ದರು. ಅವರ ತಲೆಯ ಮೇಲೆ, ಗೋಡೆಗೆ, ಚಿತ್ರಕಲೆಯ ಮಕ್ಕಳು ಬಣ್ಣದಲ್ಲಿ ಬರೆದ ನಿಯಮ ಇತ್ತು: ‘ಪಾತ್ರೆಗೊಂದು ಚಮಚ, ಬಾಯಿಗೊಂದು ಚಮಚ. ಬಡಿಸುವ ಮೊದಲು ಬೇಯಿಸಿದವರು ರುಚಿ ನೋಡಬೇಕು.’ ಅಡುಗೆ ಮೇಡಂ ಮೊದಲ ದಿನವೇ ಕಲಿಸಿದ್ದು ಇದನ್ನು. ಪಾತ್ರೆಯ ಚಮಚದಿಂದ ಬಾಯಿಯ ಚಮಚಕ್ಕೆ ಮೇಲಿನಿಂದ ಸುರಿದುಕೊಳ್ಳಬೇಕು, ಒಂದಕ್ಕೊಂದು ತಾಗಬಾರದು, ಬಾಯಿಯ ಚಮಚ ನೇರ ಸಿಂಕಿಗೆ ಹೋಗಬೇಕು. ತಪ್ಪಿದರೆ ಇಡೀ ಪಾತ್ರೆ ಚೆಲ್ಲಬೇಕು. ಒಮ್ಮೆ ಒಬ್ಬ ಹುಡುಗ ಅಳುತ್ತಿದ್ದರೂ ಬಿಡದೆ ಅವನ ಕೈಯಿಂದಲೇ ಅವರು ಚೆಲ್ಲಿಸಿದ್ದರು ಕೂಡ.

“ಮೇಡಂ,” ಎಂದಳು ಒಬ್ಬ ಹುಡುಗಿ. “ಸರ್ ಬಾಯಿಗಿಟ್ಟಿದ್ದ ಸೌಟು.”

“ಕಾಣಿಸ್ತು. ಸುಮ್ನಿರು.”

“ಚೆಲ್ಬೇಕಲ್ವಾ?”

“ಕುದೀತಾ ಇದೆಯಲ್ಲ. ಕುದಿಯೋದ್ರಲ್ಲಿ ಎಲ್ಲಾ ಸತ್ತೋಗುತ್ತೆ. ನೀನು ಈರುಳ್ಳಿ ಹೆಚ್ಚು.”

ಹುಡುಗಿ ಪಾತ್ರೆಯನ್ನು ನೋಡಿದಳು, ಒಲೆಯ ಬೆಂಕಿಯನ್ನು ನೋಡಿದಳು, ಚಾಕು ಎತ್ತಿಕೊಂಡಳು. ಅವಳನ್ನು ಎಲ್ಲರೂ ಉಳಿ ಎಂದು ಕರೆಯುತ್ತಿದ್ದರು. ಮರಗೆಲಸದ ಮೇಷ್ಟ್ರು ಇಟ್ಟ ಹೆಸರು ಅದು, ಅವಳ ಕೈಗೆ ಉಳಿ ಕೊಟ್ಟರೆ ಮರ ಬೆಣ್ಣೆಯ ಹಾಗೆ ಬರುತ್ತಿತ್ತಂತೆ. ಗಣಿತದ ಮೇಷ್ಟ್ರು ಮಾತ್ರ ಅವಳನ್ನು ಶೇಷ ಎನ್ನುತ್ತಿದ್ದರು. ಯಾವ ಭಾಗಾಕಾರ ಕೊಟ್ಟರೂ ಅವಳ ಲೆಕ್ಕದಲ್ಲಿ ಕೊನೆಗೆ ಏನಾದರೂ ಉಳಿದೇ ಉಳಿಯುತ್ತದೆ ಎಂದು. “ಬಾಮ್ಮಾ ಶೇಷ, ಬೋರ್ಡಿಗೆ ಬಾ,” ಎಂದರೆ ತರಗತಿಯೆಲ್ಲ ನಗುತ್ತಿತ್ತು.

ಆ ಶಾಲೆಯಲ್ಲಿ ಗಣಿತ, ವಿಜ್ಞಾನ, ಭಾಷೆ, ಸಮಾಜ ಇವು ಕೋರ್ ವಿಷಯಗಳು. ಅಡುಗೆ, ಮರಗೆಲಸ, ಚಿತ್ರ, ಸಂಗೀತ ಇವುಗಳಲ್ಲಿ ಒಂದನ್ನು ಮಕ್ಕಳು ತಾವೇ ಆರಿಸಿಕೊಳ್ಳಬೇಕು. ಅದಕ್ಕೆ ಮೇಲಿನವರು ಇಟ್ಟ ಹೆಸರು ‘ಐಚ್ಛಿಕ’. ಆ ಮಾತು ಮಕ್ಕಳ ನಾಲಿಗೆಯ ಮೇಲೆ ಒಂದು ವಾರವೂ ನಿಲ್ಲಲಿಲ್ಲ, ಜಾರಿ ‘ಹೆಚ್ಚಿಗೆ’ ಆಯಿತು. ಹೆಚ್ಚಿಗೆ ಕ್ಲಾಸು, ಹೆಚ್ಚಿಗೆ ಮೇಷ್ಟ್ರು, ಹೆಚ್ಚಿಗೆ ಮೇಡಂ. ‘ಕೋರ್ ಅಂದ್ರೆ ಕೊರೆಯೋದು, ಐಚ್ಛಿಕ ಅಂದ್ರೆ ಹೆಚ್ಚಿಗೆ’ ಎಂದು ಬಾತ್‌ರೂಮಿನ ಬಾಗಿಲ ಮೇಲೆ ಯಾರೋ ಕೆತ್ತಿದ್ದರು. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, “ನಮ್ಮ ಹುಡುಗನಿಗೆ ಹೆಚ್ಚಿಗೆ ಏನೂ ಬೇಡ ಮೇಡಂ, ಇರೋದೇ ತಲೆಗೆ ಹೋಗ್ತಿಲ್ಲ,” ಎಂದು ಕೈ ಮುಗಿದಿದ್ದಳು. ಮೊದಮೊದಲು ತಿದ್ದುತ್ತಿದ್ದ ಭಾಷೆಯ ಮೇಷ್ಟ್ರೇ ಈಗ ಹೆಚ್ಚಿಗೆ ಎನ್ನುತ್ತಿದ್ದರು.

ಅಡುಗೆ ಮೇಡಂ ಓದಿದ್ದು ರಸಾಯನಶಾಸ್ತ್ರ. ಒಳ್ಳೆಯ ದರ್ಜೆಯಲ್ಲೇ ಪಾಸಾಗಿದ್ದರು. ವಿಜ್ಞಾನದ ಜಾಗ ಖಾಲಿ ಇಲ್ಲ, ಸದ್ಯಕ್ಕೆ ಅಡುಗೆ ನೋಡಿಕೊಳ್ಳಿ, ಮುಂದೆ ನೋಡೋಣ ಎಂದು ಹೆಡ್ ಮೇಡಂ ಹೇಳಿದ್ದನ್ನು ನಂಬಿ ಸೇರಿದವರು ಏಪ್ರನ್ನಿನಲ್ಲೇ ಉಳಿದುಬಿಟ್ಟಿದ್ದರು. “ಸೌಟು ಹಿಡಿಯೋಕೆ ಅಷ್ಟೆಲ್ಲಾ ಓದ್ಬೇಕಾಗಿತ್ತೇನೇ?” ಎಂದು ಅಕ್ಕ ಫೋನಿನಲ್ಲಿ ನಗುತ್ತಿದ್ದಳು. “ನಮ್ಮತ್ತೆ ಕೇಳಿದ್ರೆ ನಿನ್ನ ತಂಗಿ ಸ್ಕೂಲಲ್ಲಿ ಅಡುಗೆಯವಳಾ ಅಂತ, ನಾನೇನು ಹೇಳ್ಲಿ?” ಅಕ್ಕ ನಕ್ಕಿದ್ದಕ್ಕಿಂತ, ಆ ಪ್ರಶ್ನೆ ನಿಜಕ್ಕೆ ಹತ್ತಿರವಾಗಿದೆ ಎನ್ನುವುದೇ ಮೇಡಮ್ಮಿಗೆ ಹೆಚ್ಚು ಚುಚ್ಚುತ್ತಿತ್ತು.

ಯಾಕೆಂದರೆ ಅಡುಗೆ ತರಗತಿಯನ್ನು ಆ ಶಾಲೆ ಉಳಿಸಿಕೊಂಡದ್ದೇ ಸ್ಟಾಫ್ ರೂಮಿನ ಹೊಟ್ಟೆಗಾಗಿ. ಮಕ್ಕಳು ಬೇಯಿಸಿದ್ದು ಬೆಲ್ ಆದ ತಕ್ಷಣ ಅಲ್ಲಿಗೆ ಹೋಗುತ್ತಿತ್ತು. ಹೋದ ಪಾತ್ರೆಗಳ ಜೊತೆ ಅವರವರ ಊಟದ ಡಬ್ಬಿಗಳೂ ಟೀ ಲೋಟಗಳೂ ತೊಳೆಯಲು ಬರುತ್ತಿದ್ದವು. ಅದಕ್ಕೆ ‘ಪ್ರಾಕ್ಟಿಕಲ್’ ಎಂದು ಹೆಸರು. ಅಗಿದು ಉಗಿದ ಕೋಳಿಯ ಮೂಳೆ, ಹಲ್ಲು ಕೆದಕಿದ ಕಡ್ಡಿ, ಮೂಗೊರೆಸಿ ಲೋಟಕ್ಕೆ ತುರುಕಿದ ಕಾಗದ, ಅದರೊಳಗೆ ನೆನೆದು ಊದಿಕೊಂಡ ಬಿಸ್ಕತ್ತು. ಸಿಂಕಿನ ಜಾಲರಿಯಲ್ಲಿ ಇದೆಲ್ಲ ಕೂದಲಿನ ಜೊತೆ ಸೇರಿ ಬೂದು ಬಣ್ಣದ ಉಂಡೆಯಾಗುತ್ತಿತ್ತು. ಹನ್ನೊಂದು, ಹನ್ನೆರಡು ವರ್ಷದ ಮಕ್ಕಳು ಅದನ್ನು ಬೆರಳಿನಿಂದ ತೆಗೆಯುತ್ತಿದ್ದರು. ಮೇಡಂ ಮೊದಲು ಕೈಗವಸು ಕೇಳಿದ್ದರು. “ಮನೇಲಿ ತೊಳೆಯೋದಿಲ್ವೇನ್ರೀ?” ಎಂದಿದ್ದರು ಹೆಡ್ ಮೇಡಂ. ಅಡುಗೆ ಮೇಡಂ ಮತ್ತೆ ಕೇಳಲಿಲ್ಲ.

ಉಳಿ ಅಡುಗೆಗೆ ಬರುವ ಮೊದಲಿನ ಮಾತು, ವಿಜ್ಞಾನದ ಮೇಷ್ಟ್ರು ನಿವೃತ್ತರಾಗುವವರಿದ್ದರು. ತಪಾಸಣೆಗೆ ಮೇಲಿನ ಅಧಿಕಾರಿಗಳು ಬರುವವರಿದ್ದರು. “ಐಚ್ಛಿಕ ವಿಷಯಗಳನ್ನೇ ನೋಡೋಕೆ ಬರ್ತಿರೋದು,” ಎಂದಿದ್ದರು ಹೆಡ್ ಮೇಡಂ, ಆ ಮಾತನ್ನು ಜೋಪಾನವಾಗಿ ಉಚ್ಚರಿಸುತ್ತ. “ಬಂದವರು ನಿಮ್ಮ ರೂಮಲ್ಲಿ ಚೆನ್ನಾಗಿ ಉಂಡು ಹೋಗ್ಲಿ. ಮಾರನೇ ದಿನ ನೀವು ಕೋರ್. ನಾನೇ ಶಿಫಾರಸು ಬರೀತೀನಿ.”

“ಕೈ ಸಾಲೋದಿಲ್ಲ ಮೇಡಂ. ಚೆನ್ನಾಗಿ ಹೆಚ್ಚೋರು ಒಬ್ರಾದ್ರೂ ಬೇಕು.”

“ಯಾರು ಬೇಕು ಹೇಳಿ.”

ಅಡುಗೆ ಮೇಡಂ ಉಳಿಯ ಹೆಸರು ಹೇಳಿದರು. ಹಾಗೆ ಮಾರನೆಯ ದಿನವೇ ಹುಡುಗಿ ಮರಗೆಲಸದಿಂದ ಅಡುಗೆಗೆ ಬಂದಿದ್ದಳು. ಅವಳು ಒಂದು ಸ್ಟೂಲು ಮಾಡುತ್ತಿದ್ದಳು, ಮೂರು ಕಾಲು ಕೂರಿಸಿ ಆಗಿತ್ತು, ನಾಲ್ಕನೆಯದು ಕೆತ್ತುತ್ತಿದ್ದಳು. ಮರಗೆಲಸದ ಮೇಷ್ಟ್ರು ಕಾರಿಡಾರಿನಲ್ಲಿ ಅಡ್ಡಹಾಕಿ, “ಇರೋಳು ಒಬ್ಳಿದ್ಲು, ಅವಳನ್ನೂ ಎತ್ಕೊಂಡ್ರಿ. ನಿಮ್ಮ ಈರುಳ್ಳಿ ತಣ್ಣಗಿರ್ಲಿ,” ಎಂದು ಹೋದರು. ಹುಡುಗಿ ಮಾತ್ರ ಜಗಳ ಆಡಲಿಲ್ಲ. ಏಪ್ರನ್ ಕಟ್ಟಿಕೊಳ್ಳುತ್ತ ಒಂದೇ ಒಂದು ಪ್ರಶ್ನೆ ಕೇಳಿದಳು.

“ಐಚ್ಛಿಕ ಅಂದ್ರೆ ಇಷ್ಟ ಪಟ್ಟಿದ್ದು ಅಂತ ಅರ್ಥ ಅಂತೆ. ಯಾರು ಇಷ್ಟ ಪಟ್ಟಿದ್ದು ಮೇಡಂ?”

“ತಲೆಹರಟೆ ಮಾಡ್ಬೇಡ. ತಪಾಸಣೆ ಆಗೋವರೆಗೆ ಅಷ್ಟೇ. ಆಮೇಲೆ ವಾಪಸ್ ಹೋಗುವಿಯಂತೆ.”

ಅದು ಸುಳ್ಳೆಂದು ಇಬ್ಬರಿಗೂ ಬೇಗ ಗೊತ್ತಾಯಿತು. ಲೆಕ್ಕದಲ್ಲಿ ಹಿಂದುಳಿದವರಿಗೆ ಹೆಚ್ಚಿನ ಪಾಠಕ್ಕೆಂದು ಗಣಿತದ ಮೇಷ್ಟ್ರು ಮರಗೆಲಸದ ಕೋಣೆಯನ್ನೇ ಕೇಳಿ ಪಡೆದರು. ಬೆಂಚುಗಳು ಒಳಗೆ ಬಂದವು, ಹಲಗೆಗಳು ಹೊರಗೆ ಹೋದವು. ಮೂರು ಕಾಲಿನ ಸ್ಟೂಲು ಅಡುಗೆ ಕೋಣೆಯ ಹಿಂದಿನ ಕಸದ ಡ್ರಮ್ಮಿಗೆ ಒರಗಿ ಬಿದ್ದಿತ್ತು. ಉಳಿ ದಿನವೂ ಸಿಪ್ಪೆ ಚೆಲ್ಲಲು ಅದರ ಪಕ್ಕವೇ ಹೋಗಿ ಬರುತ್ತಿದ್ದಳು. ಒಂದು ದಿನ ಸ್ಟೂಲಿನ ಮೇಲೆ ಎಲೆಯಡಿಕೆ ಉಗಿದ ಹಾಗೆ ಕೆಂಪಗೆ ಟೊಮೆಟೊ ಸೂಪು ಬಿದ್ದಿತ್ತು. ಬಿಸಿ ತಡೆಯಲಾರದೆ ಗಣಿತದ ಮೇಷ್ಟ್ರು ಅಡುಗೆ ಕೋಣೆಯ ಕಿಟಕಿಯಿಂದ ಉಗಿದದ್ದನ್ನು ಹುಡುಗಿಯೂ ನೋಡಿದ್ದಳು, ಮೇಡಮ್ಮೂ ನೋಡಿದ್ದರು.

ತಪಾಸಣೆಯ ದಿನ ಅಡುಗೆ ಮೇಡಂ ಸೂಪನ್ನು ತಾವೇ ಮಾಡಿದರು. ಮಕ್ಕಳನ್ನು ನಂಬಿ ಕೆಲಸ ಕೆಡಿಸಿಕೊಳ್ಳುವ ದಿನ ಅದಲ್ಲ. ಟೊಮೆಟೊ ಬೇಯಿಸಿ, ಸೋಸಿ, ಬೆಣ್ಣೆ ಹಾಕಿ, ಮೆಣಸು ಪುಡಿ ಉದುರಿಸಿ ಸಣ್ಣ ಉರಿಯಲ್ಲಿ ಇಟ್ಟರು. ಮಕ್ಕಳಿಗೆ ಒಗೆದ ಏಪ್ರನ್ ಕೊಟ್ಟರು. “ಕೇಳಿದ್ರೆ ನಾವೇ ಮಾಡಿದ್ದು ಅನ್ಬೇಕು. ಗೊತ್ತಾಯ್ತಾ?”

“ಗೊತ್ತಾಯ್ತು ಮೇಡಂ,” ಎಂದರು ಎಲ್ಲರೂ.

ಅಧಿಕಾರಿಗಳು ಸಂಗೀತದ ಕೋಣೆಗೆ ಬಂದಿದ್ದಾರೆ, ಇನ್ನೇನು ಇಲ್ಲಿಗೆ ಎಂದು ಜವಾನ ಹೇಳಿ ಹೋದ. ಮಕ್ಕಳು ಬಾಗಿಲ ಬಳಿ ಸಾಲಾಗಿ ನಿಲ್ಲಲು ಓಡಿದರು. ಮೇಡಂ ಬಟ್ಟಲುಗಳನ್ನು ತರಲು ಉಗ್ರಾಣಕ್ಕೆ ಹೋದರು. ಬಟ್ಟಲು ಎದೆಗವಚಿಕೊಂಡು ತಿರುಗಿದಾಗ ಅರೆ ತೆರೆದ ಬಾಗಿಲ ಸಂದಿಯಿಂದ ಒಲೆ ಕಾಣುತ್ತಿತ್ತು. ಒಲೆಯ ಮುಂದೆ ಉಳಿ ಒಬ್ಬಳೇ ಇದ್ದಳು.

ಅವಳು ಮೊದಲು ಒಲೆ ಆರಿಸಿದಳು. ಸೂಪಿನ ಮೇಲೆ ಏಳುತ್ತಿದ್ದ ಗುಳ್ಳೆಗಳು ಒಂದೊಂದಾಗಿ ಅಡಗುವವರೆಗೆ ನಿಂತು ನೋಡಿದಳು. ಆಮೇಲೆ ಕೆನ್ನೆ ಒಳಗೆಳೆದು, ಬಾಯಿ ತುಂಬಿಸಿಕೊಂಡು, ಪಾತ್ರೆಯ ಮೇಲೆ ಬಗ್ಗಿ ಉಗಿದಳು. ಅವಸರ ಮಾಡಲಿಲ್ಲ. ನೊರೆಯಂಥದ್ದು ಕೆಂಪಿನ ಮೇಲೆ ಒಂದು ಕ್ಷಣ ತೇಲಿತು. ಸೌಟು ತೆಗೆದುಕೊಂಡು ಕಲಕಿದಳು, ಅಂಚಿನಿಂದ ನಡುವಿಗೆ, ಮೇಡಂ ಕಲಿಸಿದ ಹಾಗೆಯೇ. ಮುಚ್ಚಳ ಮುಚ್ಚಿ ತಲೆ ಎತ್ತಿದಳು. ಸಂದಿಯಲ್ಲಿ ಮೇಡಮ್ಮಿನ ಕಣ್ಣು ಕಂಡಿತು.

ಮೇಡಮ್ಮಿಗೆ ಕಿರುಚಬೇಕೆನಿಸಿತು. ಪಾತ್ರೆ ಎತ್ತಿ ಸಿಂಕಿಗೆ ಸುರಿಯಲು ಎರಡು ಹೆಜ್ಜೆ ಸಾಕಿತ್ತು. ಸುರಿದರೆ ಬಡಿಸಲು ಏನಿದೆ? ಯಾಕೆ ಸುರಿದಿರಿ ಎಂದರೆ ಏನನ್ನುವುದು? ವಿಜ್ಞಾನದ ಕೋಣೆ, ಅದರ ಗಾಜಿನ ಬೀರು, ಅಲ್ಲಿ ಸಾಲಾಗಿ ನಿಂತ ಶುಭ್ರವಾದ ನಳಿಕೆಗಳು ಕಣ್ಣ ಮುಂದೆ ಬಂದವು. ಕನಿಷ್ಠ ಒಲೆ ಮತ್ತೆ ಹಚ್ಚಬಹುದಿತ್ತು. ಬಟ್ಟಲುಗಳನ್ನು ಮೇಜಿಗಿಟ್ಟು ಒಲೆಯ ತಿರುಗಣೆಯತ್ತ ಕೈ ಚಾಚುವಷ್ಟರಲ್ಲಿ ಬಾಗಿಲಲ್ಲಿ ಮಕ್ಕಳು ರಾಗವಾಗಿ, “ನಮ—ಸ್ಕಾ—ರ,” ಎಂದರು.

ಅಧಿಕಾರಿ ದಪ್ಪ ಕನ್ನಡಕದ ಹೆಂಗಸು. ಅವರ ಹಿಂದೆ ಹೆಡ್ ಮೇಡಂ, ಅವರ ಹಿಂದೆ ಕರೆಯದಿದ್ದರೂ ಬಂದ ಗಣಿತದ ಮೇಷ್ಟ್ರು, ಆಗಲೇ ತುಟಿ ನೆಕ್ಕಿಕೊಳ್ಳುತ್ತ.

“ಘಮ ಘಮ ಅಂತಿದೆಯಲ್ಲಮ್ಮ,” ಎಂದರು ಅಧಿಕಾರಿ. ಕೋಣೆಯನ್ನೆಲ್ಲ ನೋಡಿ ಗೋಡೆಯ ನಿಯಮವನ್ನು ಗಟ್ಟಿಯಾಗಿ ಓದಿದರು. “ಬಡಿಸುವ ಮೊದಲು ಬೇಯಿಸಿದವರು ರುಚಿ ನೋಡಬೇಕು. ಭೇಷ್. ಇದು ನನಗೆ ಇಷ್ಟ ಆಯ್ತು. ಹಾಗಾದ್ರೆ ನಡೀಲಿ, ಯಾರು ಬೇಯಿಸಿದ್ದು?”

“ಮಕ್ಕಳೇ ಮಾಡಿದ್ದು, ಎಲ್ಲಾ ಅವರೇ,” ಎಂದರು ಹೆಡ್ ಮೇಡಂ. “ಹೇಳಮ್ಮ, ಯಾರು ಮಾಡಿದ್ದು?”

ಅವರ ಕಣ್ಣು ಬಿದ್ದದ್ದು ಒಲೆಯ ಪಕ್ಕದಲ್ಲಿದ್ದ ಉಳಿಯ ಮೇಲೆ.

“ಮೇಡಂ ಬೇಯಿಸಿದ್ದು,” ಎಂದಳು ಅವಳು. “ನಾನು ಬರೀ ಕಲಕಿದ್ದು.”

ಅಧಿಕಾರಿ ನಕ್ಕುಬಿಟ್ಟರು. “ಪರವಾಗಿಲ್ಲ, ಸುಳ್ಳು ಹೇಳೋದನ್ನ ಕಲ್ಸಿಲ್ಲ. ಬನ್ನಿ ಮೇಡಂ, ನಿಮ್ಮದೇ ರೂಲು. ನೀವೇ ನೋಡಿ ಮೊದಲು.”

“ನೋಡ್ರಿ, ನೋಡ್ರಿ,” ಎಂದು ಹೆಡ್ ಮೇಡಂ ಹಲ್ಲು ಬಿಟ್ಟರು. “ನಾಳೆಯಿಂದ ಇವರು ನಮ್ಮ ವಿಜ್ಞಾನಕ್ಕೆ. ಒಳ್ಳೆ ಪ್ರತಿಭೆ. ಸುಮ್ನೆ ಇಲ್ಲಿ ವ್ಯರ್ಥ ಆಗ್ತಿದ್ರು.”

“ಬೇಗ ಆಗ್ಲಿ ಹೆಚ್ಚಿಗೆ ಮೇಡಂ, ಹೊಟ್ಟೆ ತಾಳ ಹಾಕ್ತಿದೆ,” ಎಂದರು ಗಣಿತದ ಮೇಷ್ಟ್ರು.

ಅಡುಗೆ ಮೇಡಂ ಮುಚ್ಚಳ ತೆಗೆದರು. ಸೂಪು ನುಣ್ಣಗೆ, ಕೆಂಪಗೆ, ಕದಲದೆ ಇತ್ತು. ಹಬೆ ಅಷ್ಟಾಗಿ ಏಳುತ್ತಿರಲಿಲ್ಲ. ಪಾತ್ರೆಯ ಚಮಚ ಮುಳುಗಿಸಿ ಎತ್ತಿದರು. ಎಡಗೈ ಮೇಜಿನ ಮೇಲೆ ತಡಕಾಡಿತು, ಬಾಯಿಯ ಚಮಚ ಇಟ್ಟುಕೊಳ್ಳಲು ಮರೆತಿದ್ದರು.

ಉಳಿ ಚಮಚದ ಡಬ್ಬಿಯಿಂದ ಒಂದನ್ನು ತೆಗೆದಳು. ಒಗೆದ ಬಟ್ಟೆಯಿಂದ ಅದನ್ನು ಒಳಗೂ ಹೊರಗೂ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಹಿಡಿಯನ್ನು ಮೇಡಂ ಕಡೆಗೆ ಮಾಡಿ ನೀಡಿದಳು.

ಮೇಡಂ ತೆಗೆದುಕೊಂಡರು. ಮೇಲಿನಿಂದ ಸುರಿದರು, ಒಂದಕ್ಕೊಂದು ತಾಗಲಿಲ್ಲ. ಕಣ್ಣು ಮುಚ್ಚದೆ ಬಾಯಿಗಿಟ್ಟುಕೊಂಡರು. ಗಂಟಲು ಒಮ್ಮೆ ಮೇಲೆ ಬಂತು, ಕೆಳಗೆ ಹೋಯಿತು.

“ಹೇಗಿದೆ?” ಎಂದರು ಅಧಿಕಾರಿ.

“ಸರಿಯಾಗಿದೆ. ಬಡಿಸ್ಬಹುದು.”

ಬಟ್ಟಲುಗಳು ತುಂಬಿದವು. ಗಣಿತದ ಮೇಷ್ಟ್ರು ನಿಂತೇ ಕುಡಿದು ಮತ್ತೆ ಬಟ್ಟಲು ಚಾಚಿದರು. “ಇವತ್ತು ಉಪ್ಪು ಹದವಾಗಿದೆ ನೋಡಿ,” ಎಂದರು, ಮೀಸೆ ಒರೆಸಿಕೊಳ್ಳುತ್ತ. ಹೆಡ್ ಮೇಡಂ ತಲೆಯಾಡಿಸಿದರು.

ಉಳಿ ಬಂದು ಮೇಡಮ್ಮಿನ ಕೈಯಿಂದ ಬಾಯಿಯ ಚಮಚವನ್ನು ಇಸಿದುಕೊಂಡಳು. ಯಾವುದಕ್ಕೂ ತಾಗಿಸದೆ ಸಿಂಕಿನವರೆಗೆ ಒಯ್ದು, ನಲ್ಲಿಯ ಕೆಳಗೆ ಇಟ್ಟು, ನೀರು ಬಿಟ್ಟಳು. ಚಮಚದ ಗುಳಿ ತುಂಬಿ, ಉಕ್ಕಿ, ಕೆಂಪು ತೆಳುವಾಗುತ್ತ ಜಾಲರಿಯ ಕಡೆಗೆ ಹರಿಯಿತು.