ಕಾಸು ಹಿಡಿಯದ ಸೂಜಿಗಲ್ಲು

ರಾಚಮ್ಮ ಕಾಸಿಗೆ ಅರಿಶಿನ ಮೆತ್ತಿ ಸತ್ತ ತಂಗಿ ಮರಿತಾಯಮ್ಮನ ಹಣೆಗೆ ಒತ್ತಬೇಕು ಅನ್ನುವಷ್ಟರಲ್ಲಿ ತಮ್ಮ ಪುಟ್ಟಬಸವಯ್ಯ ಅವಳ ಕೈ ಹಿಡಿದುಕೊಂಡ.

"ಬ್ಯಾಡ ಕಣಕ್ಕ. ದೇವ್ರ ಕಾಸು ಎತ್ತಿದೋಳು ನಾನು, ನನ್ನ ಅಣೆಗೆ ಕಾಸು ಮುಟ್ಟುಸ್ಬ್ಯಾಡಿ ಅಂತ ಏಳವ್ಳೆ."

"ಬರೀ ಅಣೇಲಿ ಕಳ್ಸಕ್ಕಾದದ ಏನ್ಲಾ?"

ಮರಿತಾಯಮ್ಮನ ಮಗಳು ಇಂದ್ರಾಣಿ ಹೆಣದ ತಲೆಯ ಬಳಿ ಕೂತಿದ್ದಳು. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಜೊತೆಯ ಮೇಷ್ಟ್ರುಗಳು ಬೆಳಗಿನ ಬಸ್ಸಿಗೇ ನಂಜನಗೂಡಿಗೆ ಬಂದು ಅಂಗಳದಲ್ಲಿ ನಿಂತಿದ್ದರು. ಅವ್ವ ದೇವಸ್ಥಾನದ ಮುಂದೆ ಹೂವು ಮಾರುತ್ತಿದ್ದಳೆಂದು ಅವರಿಗೆಲ್ಲ ಹೇಳಿದ್ದಳು. ದೇವರ ಕಾಸಿನ ಮಾತು ಅವರ ಕಿವಿಗೆ ಬಿತ್ತೋ ಏನೋ ಎಂಬುದೇ ಅವಳಿಗೆ ಮೊದಲು ಹೊಳೆಯಿತು. ಅವ್ವ ಸತ್ತ ದಿನವೂ ಇದೇ ಯೋಚನೆಯೇ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

*

ಅದು ತೊಂಬತ್ತಮೂರನೇ ಇಸವಿ. ಮರಿತಾಯಮ್ಮ ಹಳೇ ಸ್ಪೀಕರ್ ಒಡೆದು ತೆಗೆದ ಸೂಜಿಗಲ್ಲಿಗೆ ಹಗ್ಗ ಕಟ್ಟಿ ಕಪಿಲಾ ನದಿಯ ಸ್ನಾನಘಟ್ಟದಲ್ಲಿ ಎಳೆಯುತ್ತಿದ್ದಳು. ಭಕ್ತರು ಎಸೆದ ಸ್ಟೀಲಿನ ಕಾಸುಗಳು ಅಂಟಿಕೊಂಡು ಬರುತ್ತಿದ್ದವು. ಅಲ್ಯೂಮಿನಿಯಂ ಕಾಸುಗಳು ಮಾತ್ರ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಸೂಜಿಗಲ್ಲಿನ ಬೆನ್ನಿಗೊಂದು ಕಬ್ಬಿಣದ ಬಿಲ್ಲೆ ಸೇರಿಸಿದ ಮೇಲೆ ಅದರ ಎಳೆತ ಇನ್ನೂ ಜೋರಾಗಿತ್ತು. ಇಂದ್ರಾಣಿಯ ಯೂನಿಫಾರ್ಮು, ಪುಸ್ತಕ ಎಲ್ಲ ಆ ಕಾಸಿನಲ್ಲೇ ಆಗುತ್ತಿತ್ತು.

ಕ್ಲಾಸಿನಲ್ಲಿ ಹುಡುಗಿಯರು "ಕಾಸೆಳೆಯೋಳ ಮಗಳು" ಎಂದು ನಕ್ಕರು. ಅದೇ ವಾರ ಮೇಷ್ಟ್ರು ಪಾಠ ಮಾಡಿದರು: ಕೆಂಪಗೆ ಕಾಯಿಸಿದರೆ ಆಯಸ್ಕಾಂತದ ಬಲ ಹೋಗುತ್ತದೆ. ಅವ್ವ ಕೂಲಿಗೆ ಹೋದ ದಿನ ಇಂದ್ರಾಣಿ ಸೂಜಿಗಲ್ಲನ್ನು ಒಲೆಯ ಕೆಂಡದಲ್ಲಿ ಹೂತಳು. ಆರಿದ ಮೇಲೆ ಮಸಿ ತೊಳೆದು, ಇದ್ದಲ್ಲೇ ಇಟ್ಟಳು.

ಮಾರನೆಯ ದಿನ ಅವ್ವ ನದಿಯಿಂದ ಬರಿಗೈಲಿ ಬಂದಳು. "ಸಾಮಿಗೆ ಕೋಪ ಬಂದದೆ ಕಣವ್ವ, ಕಾಸು ಬುಟ್ಕೊಡ್ತಿಲ್ಲ," ಎಂದು ಕೆನ್ನೆ ಬಡಿದುಕೊಂಡಳು. ಸೂಜಿಗಲ್ಲು ದೇವರ ಗೂಡು ಸೇರಿತು. ಪಾಪ ಕಳೆಯಲೆಂದು ಸೋಮವಾರ ಸೋಮವಾರ ಉಪವಾಸ ಹಿಡಿದಳು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಇಂದ್ರಾಣಿ ಡಿಗ್ರಿ ಮುಗಿಸಿದಳು, ಕೆಲಸಕ್ಕೂ ಸೇರಿದಳು. ಅವ್ವನ ಉಪವಾಸ ಮಾತ್ರ ಮುಗಿಯಲಿಲ್ಲ.

*

ಹೆಣ ಇಳಿಸಿದ ಗುಂಡಿಯ ಅಂಚಿನಲ್ಲಿ ಪುಟ್ಟಬಸವಯ್ಯ ಕುಂಕುಮ ಮೆತ್ತಿದ ಸೂಜಿಗಲ್ಲನ್ನು ಚೀಲದಿಂದ ತೆಗೆದ.

"ಸಾಮಿ ಈಗ್ಲಾದ್ರೂ ಮನ್ನಿಸವ್ನಾ ನೋಡ್ಬುಡಾನ. ಕಾಸು ಕಚ್ಕಂಡ್ರೆ ಅಣೆಗಿಡಾನ. ಇಲ್ದಿದ್ರೆ ಇಲ್ಲ."

ಎಲ್ಲರೂ ಕೈಮುಗಿದರು.

"ಬೇಡ ಮಾವ," ಎಂದಳು ಇಂದ್ರಾಣಿ. "ಸುಮ್ನೆ ಕಾಸು ಇಟ್ಬಿಡಿ. ಇದೆಲ್ಲ ಮೂಢನಂಬಿಕೆ."

"ಯಾಕವ್ವ? ನಿಂಗೇನಾದ್ರೂ ಗೊತ್ತಾ?"

ಅವಳು ಮೇಷ್ಟ್ರುಗಳ ಕಡೆ ನೋಡಿದಳು. ಮೇಡಂ ಸರಿಯಾಗೇ ಹೇಳಿದರು ಎಂಬಂತೆ ಹೆಡ್‌ಮಾಸ್ಟರು ತಲೆಯಾಡಿಸುತ್ತಿದ್ದರು.

"ಇಲ್ಲ ಮಾವ," ಎಂದಳು.

ಪುಟ್ಟಬಸವಯ್ಯ ಒಂದು ರೂಪಾಯಿಯನ್ನು ಸೂಜಿಗಲ್ಲಿನ ಅಡಿಗೆ ಒತ್ತಿ ಹಿಡಿದು, ಮೆಲ್ಲಗೆ ಬೆರಳು ಬಿಟ್ಟ. ಕಾಸು ಮಣ್ಣಿಗೆ ಬಿತ್ತು. ಒರೆಸಿ ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆಯೂ ಬಿತ್ತು.

"ಅಯ್ಯೋ ನನ್ನ ತಾಯೀ," ರಾಚಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. "ಅಷ್ಟೊಂದು ಉಪಾಸ ಇದ್ಯಲ್ಲವ್ವ, ಆದ್ರೂ ಮನ್ನಿಸ್ನಿಲ್ವಲ್ಲ..."

ಸೂಜಿಗಲ್ಲನ್ನು ಮರಿತಾಯಮ್ಮನ ಎದೆಯ ಮೇಲೆ ಇಟ್ಟರು. ಮೊದಲ ಹಿಡಿ ಮಣ್ಣು ಮಗಳದು. ಇಂದ್ರಾಣಿ ಅವ್ವನ ಬರಿ ಹಣೆಯನ್ನು ನೋಡದೆ ಬಗ್ಗಿದಳು. ಒಂದು ಹಿಡಿ ಸಾಕು, ಏಳವ್ವ ಎಂದು ಮಾವ ತೋಳು ಹಿಡಿದರೂ ಏಳದೆ, ಸೂಜಿಗಲ್ಲು ಪೂರಾ ಮುಚ್ಚಿ ಕಾಣದಾಗುವವರೆಗೆ ಎರಡೂ ಕೈಯಲ್ಲಿ ಮಣ್ಣು ಎಳೆದೆಳೆದು ಹಾಕಿದಳು.